ಬೇಸ್‌ಬಾಲ್: ಅಪ್ಪನ ಕಣ್ಣು ಸರಿಯೋ, ನನ್ನ ಫೋನಿನ ಅಂಕಿ ಸರಿಯೋ?

ಹಾಸನದ_ಹೈದ
ಎಲ್ಲರಿಗೂ ನಮಸ್ಕಾರ. ಬೇ ಏರಿಯಾದಲ್ಲಿದ್ದೇನೆ. ಅಪ್ಪ ಅಮ್ಮ ಊರಿಂದ ಬಂದು ಎರಡು ತಿಂಗಳಾಯಿತು. ಮನೆಯಲ್ಲಿ ಕೂತು ಕೂತು ಅಪ್ಪನಿಗೆ ಬೇಜಾರಾಗಿತ್ತು. ನಿನ್ನೆ ಶುಕ್ರವಾರ ಸಂಜೆ ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕಿಗೆ ಕರೆದುಕೊಂಡು ಹೋದೆ. ಅಪ್ಪ ಊರಲ್ಲಿ ಇಪ್ಪತ್ತು ವರ್ಷ ಕ್ರಿಕೆಟ್ ಸ್ಕೋರ್ ಬರೆದವರು. ಲೆಕ್ಕದಲ್ಲಿ ಒಂದು ಬೈ ತಪ್ಪಿದರೂ ರಾತ್ರಿ ಊಟ ಸೇರದ ಮನುಷ್ಯ.

ಮೂರನೇ ಇನ್ನಿಂಗ್ಸ್ ಹೊತ್ತಿಗೆ ಅರ್ಧ ನಿಯಮ ಗೊತ್ತಾಯಿತು. ಐದನೆಯದಕ್ಕೆ ತೀರ್ಪು ಕೊಡೋಕೆ ಶುರು ಮಾಡಿದರು. "ಎದುರಾಳಿ ಟೀಮಿನ ಆ ಹುಡುಗ ನೋಡು, ಎರಡನೇ ಬೇಸ್ ಪಕ್ಕ ನಿಂತಿರೋನು. ಹೇಗೆ ಹಾರಿ ಹಿಡಿದ! ಇಡೀ ಮೈದಾನದಲ್ಲಿ ಅವನೊಬ್ಬನೇ ಫೀಲ್ಡರ್."

ನಾನು ಫೋನ್ ತೆಗೆದು ನೋಡಿದೆ. ಅವನು ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್. ಫೀಲ್ಡಿಂಗ್ ಅಂಕಿ ಮೈನಸ್ಸಿನಲ್ಲಿದೆ. "ಅಪ್ಪಾ, ಇವನು ಲೀಗಿನಲ್ಲಿ ಕೆಳಗಿನ ಸಾಲಿನವನು" ಅಂದೆ. ಅಪ್ಪ ನನ್ನ ಮುಖ ನೋಡಿ, "ನಿನ್ನ ಫೋನು ಮ್ಯಾಚ್ ನೋಡ್ತಾ ಇದೆಯಾ?" ಅಂದರು. ವಾಪಸ್ ಬರುವಾಗ ಕ್ಯಾಲ್‌ಟ್ರೇನಿನಲ್ಲಿ ಒಂದು ಮಾತಿಲ್ಲ. ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದ್ದು ಮಾತ್ರ ಕೇಳಿಸಿತು: "ಅವನು ಆಟ ನೋಡೋಕೆ ಬಂದಿರಲಿಲ್ಲ."

ಈಗ ಹೇಳಿ. ಆಟಗಾರ ಎಷ್ಟು ಒಳ್ಳೆಯವನು ಅನ್ನೋದನ್ನು ಅಂಕಿಯಿಂದ ಅಳೆಯಬೇಕೋ, ನೋಡಿ ಅಳೆಯಬೇಕೋ? ಆ ಆಟಗಾರನ ಹೆಸರು ಹೇಳಲ್ಲ. ಹೇಳಿದರೆ ಇಲ್ಲಿ ಅದರದ್ದೇ ಜಗಳ ಆಗುತ್ತೆ.

ಬರೀ_ಓದೋನು
ಹೆಸರು ಹೇಳಿ ಸಾರ್.

ಹಾಸನದ_ಹೈದ
ಇಲ್ಲ.

ಕುಡ್ಲದ_ಕಣ್ಣು
ನಿಮ್ಮ ಅಪ್ಪ ಹೇಳಿದ್ದೇ ಸರಿ ಮಾರಾಯ್ರೆ. ಇಪ್ಪತ್ತು ವರ್ಷ ಮೈದಾನದ ಪಕ್ಕ ಕೂತವರಿಗೆ ಗೊತ್ತಾಗದ್ದು ಒಂದು ಆ್ಯಪಿಗೆ ಗೊತ್ತಾಗುತ್ತದಾ? ಮೀನು ತಾಜಾ ಹೌದೋ ಅಲ್ಲವೋ ಅಂತ ಕಿವಿರು ಎತ್ತಿ ನೋಡುತ್ತೇವೆ, ಅದರ ಬಯೋಡೇಟಾ ಕೇಳುವುದಿಲ್ಲ.

ಶಿರಸಿ_ಶಾರ್ಟ್‌ಸ್ಟಾಪ್
ಮೀನಿನ ಉದಾಹರಣೆ ಚೆನ್ನಾಗಿದೆ. ಆದರೆ ಫೀಲ್ಡಿಂಗ್ ವಿಷಯದಲ್ಲಿ ಕಣ್ಣಷ್ಟು ಮೋಸ ಮಾಡೋದು ಬೇರೆ ಯಾವುದೂ ಇಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೇ ಲೆಕ್ಕದಲ್ಲಿ ಫೀಲ್ಡರ್‌ನನ್ನು ಅಳೆಯೋಕೆ ಮುಖ್ಯವಾಗಿ ಇದ್ದದ್ದು "ಎರರ್". ಕೈಗೆ ಬಂದ ಬಾಲ್ ಬಿಟ್ಟರೆ ಎರರ್. ಅದನ್ನೂ ಪ್ರೆಸ್ ಬಾಕ್ಸಿನಲ್ಲಿ ಕೂತ ಅಫಿಷಿಯಲ್ ಸ್ಕೋರರ್ ತೀರ್ಮಾನ ಮಾಡುತ್ತಾರೆ. ನಿಧಾನಕ್ಕೆ ಓಡುವವನು ಬಾಲಿನ ಹತ್ತಿರವೇ ಹೋಗಲಿಲ್ಲ ಅಂದುಕೊಳ್ಳಿ. ಅದು ಬ್ಯಾಟರ್‌ಗೆ ಹಿಟ್, ಅಂದರೆ ಹೊಡೆದು ಬೇಸ್ ಮುಟ್ಟಿದ ಲೆಕ್ಕ. ಇವನ ಪುಸ್ತಕ ಶುದ್ಧ. ಚುರುಕಾದವನು ಅಷ್ಟು ದೂರ ಓಡಿ, ಕೈ ತಾಗಿಸಿ ಬಿಟ್ಟರೆ ಅವನಿಗೆ ಕಪ್ಪು ಚುಕ್ಕಿ. ಇದು ನ್ಯಾಯವಾ?

ಈಗ ಹಾಗಿಲ್ಲ. 2015ರಿಂದ ಎಲ್ಲ ಮೇಜರ್ ಲೀಗ್ ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಇದೆ. 2020ರಿಂದ ಅದಕ್ಕೆ ಹಾಕ್‌ಐ ಕ್ಯಾಮೆರಾ, ಒಂದೊಂದು ಮೈದಾನಕ್ಕೆ ಹನ್ನೆರಡು. ಫೀಲ್ಡರ್ ಎಲ್ಲಿ ನಿಂತಿದ್ದ, ಬಾಲ್ ಎಷ್ಟು ದೂರ, ಎಷ್ಟು ಹೊತ್ತಿತ್ತು, ಬೇಸ್ ಎಷ್ಟು ದೂರ, ಓಡುವವನ ವೇಗ ಎಷ್ಟು, ಎಲ್ಲ ಸೇರಿಸಿ "ಇದನ್ನು ಬೇರೆಯವರು ನೂರಕ್ಕೆ ಎಷ್ಟು ಸಲ ಔಟ್ ಮಾಡುತ್ತಾರೆ" ಅಂತ ಲೆಕ್ಕ ಹಾಕುತ್ತಾರೆ. ಔಟ್ಸ್ ಅಬೌವ್ ಆ್ಯವರೇಜ್ ಅಂದರೆ ಅದೇ. ಹಾರೋದಕ್ಕೆ ಅಲ್ಲಿ ಬೋನಸ್ ಮಾರ್ಕ್ ಇಲ್ಲ. ನಿಂತೇ ಹಿಡಿದರೂ ಒಂದೇ, ಉರುಳಿ ಹಿಡಿದರೂ ಒಂದೇ.

ಧಾರವಾಡ_ಫೇಡೆ
ಹಾಕ್‌ಐ ಅಂದರೆ ನಮ್ಮ ಎಲ್‌ಬಿಡಬ್ಲ್ಯೂ ಡಿಆರ್‌ಎಸ್‌ನಲ್ಲಿ ಬರ್ತದಲ್ರೀ, ಅದಾ?

ಶಿರಸಿ_ಶಾರ್ಟ್‌ಸ್ಟಾಪ್
ಹೌದು, ಅದೇ. ಆದರೆ ಬೇಸ್‌ಬಾಲ್‌ನಲ್ಲಿ ಡಿಆರ್‌ಎಸ್ ಅಂದರೆ ಡಿಫೆನ್ಸಿವ್ ರನ್ಸ್ ಸೇವ್ಡ್, ಫೀಲ್ಡಿಂಗಿನಿಂದ ಉಳಿಸಿದ ರನ್ನುಗಳ ಲೆಕ್ಕ. ಬೇರೆ ವಿಷಯ.

ಧಾರವಾಡ_ಫೇಡೆ
ಇಷ್ಟ್ ದಿವಸ ಆಫೀಸಿನ್ಯಾಗ ಅಮೆರಿಕದವರು "ಅವನ ಡಿಆರ್‌ಎಸ್ ಭಾಳ ಛಲೋ ಅದ" ಅಂದಾಗ ರಿವ್ಯೂ ಚೆನ್ನಾಗಿ ತಗೋತಾನ ಅಂತ ತಿಳಿದಿದ್ದೆ ನಾನು.

ಎಕ್ಸೆಲ್_ಅಕ್ಕ
ನಗು ತಡೆಯೋಕೆ ಆಗಲಿಲ್ಲ.

ನಾನು ಇನ್ಶೂರೆನ್ಸ್ ಲೆಕ್ಕದ ಕೆಲಸದವಳು, ಅಂಕಿ ಕಡೆಗೇ ವಾಲುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಬ್ಯಾಟಿಂಗ್ ತಗೊಳ್ಳಿ. ಒಬ್ಬನ ಆ್ಯವರೇಜ್ .300, ಇನ್ನೊಬ್ಬನದು .275. ಮೊದಲನೆಯವನನ್ನು ಸ್ಟಾರ್ ಅಂತೀವಿ, ಎರಡನೆಯವನನ್ನು ಪರವಾಗಿಲ್ಲ ಅಂತೀವಿ. ಒಂದು ಸೀಸನ್ನಿನಲ್ಲಿ 600 ಸಲ ಬ್ಯಾಟ್ ಮಾಡಿದರೆ ಒಬ್ಬನಿಗೆ 180 ಹಿಟ್, ಇನ್ನೊಬ್ಬನಿಗೆ 165. ವ್ಯತ್ಯಾಸ ಹದಿನೈದು. ಸೀಸನ್ ಸುಮಾರು ಇಪ್ಪತ್ತಾರು ವಾರ. ಅಂದರೆ ಹನ್ನೆರಡು ದಿನಕ್ಕೊಂದು ಹಿಟ್ ಜಾಸ್ತಿ. ದಿನಾ ತಪ್ಪದೆ ನೋಡಿದರೂ ಅದು ಕಣ್ಣಿಗೆ ಕಾಣಿಸುತ್ತಾ? ಕಾಣಿಸಿದರೆ ನಿಮ್ಮ ಕಣ್ಣಿಗೆ ನನ್ನ ಕೈಯಾರೆ ದೃಷ್ಟಿ ತೆಗೆಯುತ್ತೇನೆ.

ಬಾಸ್ಟನ್_ಬೋರೇಗೌಡ
ಈ ವಾದಕ್ಕೆ ಒಂದೇ ಹೆಸರು ಸಾಕು. ಯಾಂಕೀಸ್‌ನ ಶಾರ್ಟ್‌ಸ್ಟಾಪ್ ಡೆರೆಕ್ ಜೀಟರ್. ಐದು ಗೋಲ್ಡ್ ಗ್ಲವ್, ಅಂದರೆ ಫೀಲ್ಡಿಂಗ್ ಪ್ರಶಸ್ತಿ. ಕೋಚುಗಳು, ಮ್ಯಾನೇಜರುಗಳು ಕಣ್ಣಾರೆ ನೋಡಿ ಓಟು ಹಾಕಿ ಕೊಟ್ಟದ್ದು. ಲೆಕ್ಕ ಹಾಕುವವರು ನೋಡಿದರೆ ಅವನ ಫೀಲ್ಡಿಂಗ್ ಪಾತಾಳದಲ್ಲಿ. ಎಡಕ್ಕೆ ಹೋದ ಬಾಲುಗಳನ್ನೆಲ್ಲ ಸುಮ್ನೆ ಬೀಳ್ಕೊಡುತ್ತಿದ್ದ.

(ನಾನು ಬಾಸ್ಟನ್ನಿನ ರೆಡ್ ಸಾಕ್ಸ್ ಕಡೆಯವನು, ಯಾಂಕೀಸ್ ನಮಗೆ ಬದ್ಧ ವೈರಿ. ಪಕ್ಷಪಾತ ಇದೆ. ಮುಚ್ಚಿಡಲ್ಲ.)

ಕುಡ್ಲದ_ಕಣ್ಣು
ಬಂತು ನೋಡಿ ಬಾಸ್ಟನ್ ಹೊಟ್ಟೆಕಿಚ್ಚು. 2001ರ ಅಕ್ಟೋಬರ್ ನೆನಪಿದೆಯಾ? ಓಕ್ಲೆಂಡಿನಲ್ಲಿ ಪ್ಲೇಆಫ್, ಮೂರನೇ ಮ್ಯಾಚು. ಯಾಂಕೀಸ್ 1-0 ಮುಂದೆ. ಬಲಗಡೆ ಮೂಲೆಯಿಂದ ಬಂದ ಥ್ರೋ ನಡುವೆ ನಿಂತ ಇಬ್ಬರ ತಲೆ ಮೇಲೆ ಹೋಯಿತು. ಓಕ್ಲೆಂಡಿನ ಜೆರೆಮಿ ಜಿಯಾಂಬಿ ರನ್ ಗಳಿಸೋಕೆ ಹೋಮ್ ಪ್ಲೇಟ್ ಕಡೆ ಓಡುತ್ತಿದ್ದಾನೆ. ಆಗ ಜೀಟರ್ ಎಲ್ಲಿಂದಲೋ ಅಡ್ಡ ಓಡಿ ಬಂದ. ಶಾರ್ಟ್‌ಸ್ಟಾಪ್‌ಗೆ ಅಲ್ಲಿ ಏನು ಕೆಲಸ? ಬಾಲ್ ಹಿಡಿದು, ಹಿಮ್ಮುಖವಾಗಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಕೈಗೆ ಎಸೆದ. ಔಟ್. 1-0 ಹಾಗೇ ಉಳಿಯಿತು, ಸೀರೀಸೂ ಗೆದ್ದರು. ಇದಕ್ಕೆ ಯಾವ ಕಾಲಮ್ಮಿನಲ್ಲಿ ಎಷ್ಟು ಮಾರ್ಕು ಕೊಡುತ್ತೀರಿ?

ಶಿರಸಿ_ಶಾರ್ಟ್‌ಸ್ಟಾಪ್
ಒಂದು ಔಟಿಗೆ ಎಷ್ಟೋ ಅಷ್ಟು. ಆ ಒಂದು ಆಟವನ್ನು ಟಿವಿಯವರು ಸಾವಿರ ಸಲ ತೋರಿಸಿದ್ದಾರೆ. ಅವನ ಪಕ್ಕದಲ್ಲಿ ನುಸುಳಿ ಹೋದ ನೂರಾರು ಗ್ರೌಂಡರುಗಳನ್ನು ಒಂದು ಸಲವೂ ಮತ್ತೆ ತೋರಿಸಿಲ್ಲ. ನಮ್ಮ ನೆನಪು ಹೈಲೈಟ್ಸ್ ಪ್ಯಾಕೇಜು ಸಾರ್.

ವಿಶಿ_ಫ್ಯಾನ್_75
ನಾನು ಬೆಂಗಳೂರಿನವನು, ವಯಸ್ಸು ಅರವತ್ತೇಳು. ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ಮಗಳ ಮನೆಗೆ ಹೋದಾಗ ನೋಡಿದ್ದು. ಆದರೂ ಒಂದು ಮಾತು ಹೇಳಬೇಕು. ನಮ್ಮ ಜಿ.ಆರ್. ವಿಶ್ವನಾಥ್ ಟೆಸ್ಟ್ ಸರಾಸರಿ 41.93. ಈಗಿನ ಹುಡುಗರು ಆ ಅಂಕಿ ನೋಡಿ "ಓ ಅಷ್ಟೇನಾ" ಅಂತಾರೆ. 1975ರ ಜನವರಿ, ಚೆಪಾಕ್. ಆ್ಯಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದ, ಏಳು ವಿಕೆಟ್. ಈ ಕಡೆ ಒಬ್ಬೊಬ್ಬರೇ ಪೆವಿಲಿಯನ್ ಸೇರುತ್ತಿದ್ದಾರೆ. ತಂಡ 190ಕ್ಕೆ ಆಲ್ ಔಟ್. ವಿಶಿ 97 ನಾಟ್ ಔಟ್. ಸೆಂಚುರಿ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ! ಆ ಸ್ಕ್ವೇರ್ ಕಟ್ಟನ್ನು ನೋಡದವರಿಗೆ ಅಂಕಿ ಏನು ಹೇಳುತ್ತೆ?

ಎಕ್ಸೆಲ್_ಅಕ್ಕ
ಅಂಕಲ್, ನೀವು ಚೆಪಾಕಿಗೆ ಹೋಗಿದ್ರಾ?

ವಿಶಿ_ಫ್ಯಾನ್_75
ಇಲ್ಲಮ್ಮ. ರೇಡಿಯೋದಲ್ಲಿ ಕೇಳಿದ್ದು.

ಎಕ್ಸೆಲ್_ಅಕ್ಕ
😄 ಇರಲಿ ಬಿಡಿ ಅಂಕಲ್. ಆದರೆ ನಿಮ್ಮ ಮಾತೇ ನನ್ನ ಕಡೆಗೆ ಬರುತ್ತೆ. ವಿಶಿ ಸೆಂಚುರಿ ಹೊಡೆದ ಹದಿನಾಲ್ಕು ಟೆಸ್ಟುಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ಅದೂ ಅಂಕಿಯೇ ಅಲ್ವಾ? 41.93 ಸುಳ್ಳಲ್ಲ. ಅದೊಂದನ್ನೇ ಹಿಡಿದು ಕೂತರೆ ನಾವು ಪೆದ್ದರು.

ವಿಶಿ_ಫ್ಯಾನ್_75
ಇದು ಒಪ್ಪಿದೆ ತಾಯಿ.

ಬರೀ_ಓದೋನು
ಬೇಸ್‌ಬಾಲ್ ಥ್ರೆಡ್ಡು ಹನ್ನೆರಡನೇ ಉತ್ತರಕ್ಕೇ ಚೆಪಾಕ್ ತಲುಪಿತು. ಕನ್ನಡಿಗರು ಎಲ್ಲಿ ಹೋದರೂ ಅಷ್ಟೇ.

ಲಿಟಲ್_ಲೀಗ್_ಅಮ್ಮ
ಟೆಕ್ಸಾಸಿನಿಂದ. ನನ್ನ ಮಗಳಿಗೆ ಹನ್ನೊಂದು ವರ್ಷ, ಸಾಫ್ಟ್‌ಬಾಲ್ ಆಡುತ್ತಾಳೆ. ಸಣ್ಣ ಆಳು. ಜೋರಾಗಿ ಹೊಡೆಯೋಕೆ ಬರಲ್ಲ. ಆದರೆ ಕೆಟ್ಟ ಬಾಲಿಗೆ ಬ್ಯಾಟ್ ಎತ್ತೋದೇ ಇಲ್ಲ. ನಾಲ್ಕು ಬಾಲ್ ಹೊರಗೆ ಬಿದ್ದವು ಅಂದರೆ ಬ್ಯಾಟ್ ಮೆಲ್ಲಗೆ ನೆಲಕ್ಕಿಟ್ಟು, ಹೆಲ್ಮೆಟ್ ಸರಿ ಮಾಡಿಕೊಂಡು, ಬಸ್ ಸ್ಟ್ಯಾಂಡಿಗೆ ಹೊರಟವಳ ಹಾಗೆ ಮೊದಲನೇ ಬೇಸಿಗೆ ನಡೆದು ಹೋಗುತ್ತಾಳೆ. ಕೋಚು ಅವಳನ್ನು ಯಾವಾಗಲೂ ಕೊನೆಗೆ ಬ್ಯಾಟಿಂಗಿಗೆ ಹಾಕುತ್ತಿದ್ದರು. "ಪಾಪ, ಪ್ರಯತ್ನ ಪಡ್ತಾಳೆ" ಅಂತ ಬೇರೆ ಅಮ್ಮಂದಿರು ನನ್ನನ್ನು ಸಮಾಧಾನ ಮಾಡೋರು.

ಒಂದು ಸೀಸನ್ ಪೂರ್ತಿ ಲೆಕ್ಕ ಬರೆದಿಟ್ಟೆ. ದಿನಸಿ ಚೀಟಿ ಹಿಂದೆ, ಪೆನ್ಸಿಲಿನಲ್ಲಿ. ಟೀಮಿನಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಬೇಸ್ ಮುಟ್ಟಿದವಳು ಇವಳೇ! ಕೋಚಿಗೆ ತೋರಿಸಿದೆ. ಚೀಟಿಯ ಎರಡೂ ಕಡೆ ನೋಡಿದರು. ಮುಂದಿನ ಶನಿವಾರ ಮೊದಲನೇ ಬ್ಯಾಟರ್ ಇವಳು. ಅವರೇನು ಕೆಟ್ಟವರಲ್ಲ. ಪ್ರತಿ ಮ್ಯಾಚೂ ನೋಡುತ್ತಿದ್ದರು. ನೋಡಿದರೂ ಕಂಡಿರಲಿಲ್ಲ, ಅಷ್ಟೇ.

ಶಿರಸಿ_ಶಾರ್ಟ್‌ಸ್ಟಾಪ್
ಅಕ್ಕ, ನಿಮ್ಮ ದಿನಸಿ ಚೀಟಿ ಮತ್ತು 2002ರ ಓಕ್ಲೆಂಡ್ ಎ'ಸ್ ಟೀಮು ಒಂದೇ ಜಾತಿ. ಅವರ ಸಂಬಳದ ಬಜೆಟ್ಟು ಸುಮಾರು 4 ಕೋಟಿ ಡಾಲರ್, ಯಾಂಕೀಸ್‌ದು ಹನ್ನೆರಡೂವರೆ ಕೋಟಿ. ಆ ವರ್ಷ ಇಬ್ಬರೂ ಗೆದ್ದದ್ದು 103 ಮ್ಯಾಚು. ಎ'ಸ್‌ನ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಅಲ್ಲಿ ಮಾಡಿದ ಮುಖ್ಯ ಕೆಲಸ, ಬೇರೆಯವರು ಕಡೆಗಣಿಸಿದ "ಬೇಸ್ ಮುಟ್ಟುವವರನ್ನು" ಅಗ್ಗಕ್ಕೆ ಕೊಂಡದ್ದು. ಸ್ಕಾಟ್ ಹ್ಯಾಟೆಬರ್ಗ್ ಅಂತ ಒಬ್ಬ ಕ್ಯಾಚರ್, ಮೊಣಕೈ ಹಾಳಾಗಿ ಥ್ರೋ ಮಾಡೋಕೆ ಆಗದವನು. ಅವನನ್ನು ಮೊದಲನೇ ಬೇಸಿಗೆ ನಿಲ್ಲಿಸಿದರು. ಸತತ ಇಪ್ಪತ್ತನೇ ಗೆಲುವಿನ ದಿನ 11-0 ಮುಂದಿದ್ದವರು 11-11ಕ್ಕೆ ಬಂದು ನಿಂತರು. ಆಗ ಹೋಮ್ ರನ್ ಹೊಡೆದು ಗೆಲ್ಲಿಸಿದವನು ಅವನೇ.

ಕುಡ್ಲದ_ಕಣ್ಣು
ಅರ್ಧ ಕತೆ ಹೇಳಿ ನಿಲ್ಲಿಸಬೇಡಿ. ಆ ಟೀಮಿನ ಪಿಚರುಗಳು, ಅಂದರೆ ಬಾಲ್ ಎಸೆಯುವವರು ಯಾರು? ಹಡ್ಸನ್, ಮಲ್ಡರ್, ಜೀಟೊ. ಜೀಟೊಗೆ ಆ ವರ್ಷ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಶಾರ್ಟ್‌ಸ್ಟಾಪ್ ತೆಹಾದಾಗೆ ಎಂವಿಪಿ, ಲೀಗಿನ ಅತ್ಯಮೂಲ್ಯ ಆಟಗಾರನ ಪ್ರಶಸ್ತಿ. ತೆಹಾದಾ ಡೊಮಿನಿಕನ್ ರಿಪಬ್ಲಿಕ್‌ನ ಬಡ ಹುಡುಗ. ಅವನು ಸಿಕ್ಕಿದ್ದು ಹೊಸ ಹುಡುಗರನ್ನು ಹುಡುಕುವ ಸ್ಕೌಟುಗಳ ಕಣ್ಣಿಗೆ. ಆಗ ಅವನ ಹತ್ತಿರ ಯಾವ ಅಂಕಿ ಇತ್ತು? ಇವರನ್ನೆಲ್ಲ ಬಿಟ್ಟು ಹ್ಯಾಟೆಬರ್ಗ್ ಕತೆ ಮಾತ್ರ ಹೇಳುತ್ತಾರೆ. ಮದುವೆ ಊಟದಲ್ಲಿ ಉಪ್ಪಿನಕಾಯಿ ಒಂದನ್ನೇ ಹೊಗಳಿದ ಹಾಗೆ.

ದೊಡ್ಡ ಸ್ಟಾರ್ ಮೈಕ್ ಟ್ರೌಟ್ ಗೊತ್ತಲ್ಲ? ಟೀಮುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟಿನಲ್ಲಿ, 2009ರಲ್ಲಿ, ಇಪ್ಪತ್ತನಾಲ್ಕು ಹುಡುಗರು ಹೋದ ಮೇಲೆ ಏಂಜಲ್ಸ್ ತಗೊಂಡರು. ಅವರ ಸ್ಕೌಟ್ ಗ್ರೆಗ್ ಮೋರ್ಹಾರ್ಟ್, ಟ್ರೌಟನ ಅಪ್ಪನ ಜೊತೆಗೇ ಮೈನರ್ ಲೀಗಿನಲ್ಲಿ ಆಡಿದವರು. ಹುಡುಗನನ್ನು ನೋಡಿ ಹಟ ಹಿಡಿದರು.

ಎಕ್ಸೆಲ್_ಅಕ್ಕ
ಮೋರ್ಹಾರ್ಟ್ ಕಣ್ಣಿಗೆ ನಮಸ್ಕಾರ. ಆದರೆ ಟ್ರೌಟನ ಮುಂಚೆ ಹೋದ ಇಪ್ಪತ್ತನಾಲ್ಕು ಜನರನ್ನೂ ಯಾರದೋ ಕಣ್ಣೇ ಆರಿಸಿತ್ತು, ಅಲ್ವಾ? ಆಸ್ಟ್ರೋಸ್ ಟೀಮಿನ ಅಲ್ತುವೆಯನ್ನು ವೆನೆಜುವೆಲಾದಲ್ಲಿ ಟ್ರಯಲ್ಸಿಗೆ ಬಂದಾಗ "ಕುಳ್ಳ" ಅಂತ ವಾಪಸ್ ಕಳಿಸಿದ್ದೂ ಕಣ್ಣೇ. ಮಾರನೇ ದಿನ ಮತ್ತೆ ಬಂದ. 2017ರಲ್ಲಿ ಎಂವಿಪಿ ಆದ.

ಬಾಸ್ಟನ್_ಬೋರೇಗೌಡ
ಅಲ್ತುವೆ ಹೆಸರು ಎತ್ತಬೇಡಿ ಅಕ್ಕ. 2017ರ ಆಸ್ಟ್ರೋಸ್ ಅಂದರೆ ನನಗೆ ಕಸದ ಡಬ್ಬದ ಸದ್ದು ಕೇಳಿಸುತ್ತೆ.

ಧಾರವಾಡ_ಫೇಡೆ
ಕಸದ ಡಬ್ಬ ಯಾಕ್ರೀ?

ಬಾಸ್ಟನ್_ಬೋರೇಗೌಡ
ಎದುರಾಳಿ ಕ್ಯಾಚರಿನ ಸನ್ನೆಯನ್ನು ಕ್ಯಾಮೆರಾದಲ್ಲಿ ಕದ್ದು ನೋಡಿ, ಡಬ್ಬ ಬಡಿದು ತಮ್ಮ ಬ್ಯಾಟರಿಗೆ ಯಾವ ಬಾಲ್ ಬರುತ್ತೆ ಅಂತ ಹೇಳುತ್ತಿದ್ದರು. 2020ರಲ್ಲಿ ಲೀಗಿನವರು ದಂಡ ಹಾಕಿದರು. ಬೇರೆ ಥ್ರೆಡ್ ಮಾಡಿ, ರಾತ್ರಿಯಿಡೀ ಬರೀತೀನಿ.

ಶಿರಸಿ_ಶಾರ್ಟ್‌ಸ್ಟಾಪ್
ಟ್ರೌಟ್ ಬಂದದ್ದರಿಂದ ಕೇಳುತ್ತೇನೆ. 2012ರ ಅಮೆರಿಕನ್ ಲೀಗ್ ಎಂವಿಪಿ. ಮಿಗೆಲ್ ಕಬ್ರೇರಾ: .330, 44 ಹೋಮ್ ರನ್, 139 ಆರ್‌ಬಿಐ (ಅವನ ಬ್ಯಾಟಿಂಗಿನಿಂದ ಟೀಮಿಗೆ ಬಂದ ರನ್). ಮೂರರಲ್ಲೂ ಮೊದಲು, ಟ್ರಿಪಲ್ ಕ್ರೌನ್. 1967ರ ಯಾಸ್ಟ್ರೆಮ್‌ಸ್ಕಿ ಆದಮೇಲೆ ಯಾರೂ ಮಾಡಿರಲಿಲ್ಲ. ಟ್ರೌಟ್: .326, 30 ಹೋಮ್ ರನ್, 49 ಬೇಸ್ ಕದ್ದದ್ದು (ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡೋದು), ಜೊತೆಗೆ ಸೆಂಟರ್ ಫೀಲ್ಡಿನಲ್ಲಿ ಅದ್ಭುತ. ವಾರ್ ಲೆಕ್ಕದಲ್ಲಿ ಟ್ರೌಟ್ ಹತ್ತರ ಆಸುಪಾಸು, ಕಬ್ರೇರಾ ಏಳರ ಆಸುಪಾಸು. ಓಟು? 28ರಲ್ಲಿ 22 ಮೊದಲ ಸ್ಥಾನ ಕಬ್ರೇರಾಗೆ. ಅನ್ಯಾಯ ಅಲ್ವಾ?

ಧಾರವಾಡ_ಫೇಡೆ
ವಾರ್ ಅಂದರ ಯುದ್ಧ?

ಎಕ್ಸೆಲ್_ಅಕ್ಕ
ಆಟಗಾರನನ್ನು ತೆಗೆದು, ಮೈನರ್ ಲೀಗಿನಿಂದ ಸುಲಭಕ್ಕೆ ಸಿಗುವ ಒಬ್ಬನನ್ನು ಹಾಕಿದರೆ ಟೀಮು ಎಷ್ಟು ಮ್ಯಾಚು ಕಡಿಮೆ ಗೆಲ್ಲುತ್ತೆ ಅನ್ನೋ ಅಂದಾಜು. ಬ್ಯಾಟಿಂಗು, ಓಟ, ಫೀಲ್ಡಿಂಗು ಎಲ್ಲ ಸೇರಿಸಿ ಒಂದೇ ಅಂಕಿ. ಸುಮಾರು ಹತ್ತು ರನ್ನಿಗೆ ಒಂದು ಗೆಲುವು.

ಕುಡ್ಲದ_ಕಣ್ಣು
ಆ ಒಂದೇ ಅಂಕಿ ಎರಡು ವೆಬ್‌ಸೈಟಿನಲ್ಲಿ ಎರಡು ತರ ಇರುತ್ತದೆ, ಅದನ್ನೂ ಹೇಳಿ. ಫ್ಯಾನ್‌ಗ್ರಾಫ್ಸ್ ಒಂದು ಹೇಳುತ್ತದೆ, ಬೇಸ್‌ಬಾಲ್ ರೆಫರೆನ್ಸ್ ಇನ್ನೊಂದು. ಎರಡು ತಕ್ಕಡಿ, ಎರಡು ತೂಕ.

ಬಾಸ್ಟನ್_ಬೋರೇಗೌಡ
ಈ ಜಗಳ 2012ರದ್ದಲ್ಲ. 1947ರಲ್ಲಿ ನಮ್ಮ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್‌ಗೆ ಟ್ರಿಪಲ್ ಕ್ರೌನ್. ಎಂವಿಪಿ ಹೋದದ್ದು ಯಾಂಕೀಸ್‌ನ ಡಿಮ್ಯಾಜಿಯೋಗೆ, ಒಂದೇ ಒಂದು ಪಾಯಿಂಟಿನಲ್ಲಿ. ಆಗ ಅಂಕಿ ನೋಡದೆ ಕೊಟ್ಟರು ಅಂತ ನಾವು ಅತ್ತೆವು. 2012ರಲ್ಲಿ ಟ್ರಿಪಲ್ ಕ್ರೌನ್ ನೋಡಿ ಕೊಟ್ಟರು ಅಂತ ಇವರು ಅತ್ತರು.

ಟೆಡ್ ಕತೆ ಬಂದರೆ ಇದನ್ನು ಹೇಳದೆ ಇರೋಕೆ ಆಗಲ್ಲ. 1941ರ ಕೊನೇ ದಿನ, ಆ್ಯವರೇಜ್ .39955. ಮನೇಲಿ ಕೂತಿದ್ದರೂ ಪುಸ್ತಕದಲ್ಲಿ .400 ಆಗುತ್ತಿತ್ತು. ಕೂರಲಿಲ್ಲ. ಫಿಲಡೆಲ್ಫಿಯಾದಲ್ಲಿ ಅವತ್ತು ಎರಡು ಮ್ಯಾಚು. ಎರಡೂ ಆಡಿದ. ಎಂಟಕ್ಕೆ ಆರು ಹಿಟ್. .406.

ವಿಶಿ_ಫ್ಯಾನ್_75
ಈ ವ್ಯಕ್ತಿ ಯಾರೇ ಇರಲಿ, ನನಗೆ ಹಿಡಿಸಿದರು.

ಕುಡ್ಲದ_ಕಣ್ಣು
ಈಗ ನನ್ನ ಬ್ರಹ್ಮಾಸ್ತ್ರ. 2020ರ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಆರನೇ ಮ್ಯಾಚು. ಟ್ಯಾಂಪಾ ಬೇ ರೇಸ್ 1-0 ಮುಂದೆ. ಪಿಚರ್ ಬ್ಲೇಕ್ ಸ್ನೆಲ್. ಐದು ಇನ್ನಿಂಗ್ಸ್ ದಾಟಿದೆ, ಕೊಟ್ಟದ್ದು ಎರಡೇ ಹಿಟ್, ಒಂಬತ್ತು ಸ್ಟ್ರೈಕ್‌ಔಟ್, ಎಸೆದದ್ದು ಬರೀ 73 ಬಾಲ್. ಎದುರಾಳಿ ಡಾಡ್ಜರ್ಸ್‌ನ ಮೊದಲ ಮೂವರು ಬ್ಯಾಟರು ಆರು ಸಲ ಬಂದು ಆರೂ ಸಲ ಸ್ಟ್ರೈಕ್‌ಔಟ್. ಆಗ ಮ್ಯಾನೇಜರ್ ಕೆವಿನ್ ಕ್ಯಾಶ್ ನಡೆದು ಬಂದು ಅವನನ್ನು ತೆಗೆದ! ಯಾಕೆ? ಒಬ್ಬ ಪಿಚರನ್ನು ಮೂರನೇ ಸಲ ನೋಡುವಾಗ ಬ್ಯಾಟರುಗಳು ಚೆನ್ನಾಗಿ ಹೊಡೆಯುತ್ತಾರೆ ಅಂತ ಅಂಕಿ ಹೇಳುತ್ತದಂತೆ. ಹೊಸಬ ಬಂದ. ಡಾಡ್ಜರ್ಸ್‌ನ ಬೆಟ್ಸ್ ಡಬಲ್ ಹೊಡೆದ. ಆಮೇಲೆ ವೈಲ್ಡ್ ಪಿಚ್, ಕ್ಯಾಚರ್ ಕೈಗೆ ಸಿಗದ ಎಸೆತ. ಕೊನೆಗೆ ಡಾಡ್ಜರ್ಸ್‌ಗೆ 3-1 ಗೆಲುವು, ಸೀರೀಸ್ ಮುಗಿಯಿತು. ಬೆಟ್ಸ್ ಮುಖ ನೋಡಿದ್ದರೆ ಸಾಕಿತ್ತು. ಸ್ನೆಲ್ ಹೋದ ಅಂತ ಅವನಿಗೇ ಖುಷಿ.

ಎಕ್ಸೆಲ್_ಅಕ್ಕ
ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಆ ಅಂಕಿ ನಿಜ. ಆದರೆ ಅದು ಸಾವಿರಾರು ಪಿಚರುಗಳ ಸರಾಸರಿ. ಆ ರಾತ್ರಿಯ ಆ ಪಿಚರಿನದಲ್ಲ. ಸ್ನೆಲ್ ಬಾಲು ಹೇಗೆ ತಿರುಗುತ್ತಿತ್ತು ಅನ್ನೋದು ಎದುರಿಗೇ ಕಾಣುತ್ತಿತ್ತು. ನಾನಾಗಿದ್ದರೆ ತೆಗೆಯುತ್ತಿರಲಿಲ್ಲ.

ಕುಡ್ಲದ_ಕಣ್ಣು
ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಶಿರಸಿ_ಶಾರ್ಟ್‌ಸ್ಟಾಪ್
ಅದೇ ರೇಸ್ ಅಷ್ಟು ಕಡಿಮೆ ದುಡ್ಡಿನಲ್ಲಿ ವರ್ಲ್ಡ್ ಸೀರೀಸಿನವರೆಗೆ ಬಂದದ್ದು ಹೇಗೆ? ಅದಕ್ಕೆ ಯಾರೂ ಸ್ಕ್ರೀನ್‌ಶಾಟ್ ತೆಗೆಯಲ್ಲ.

ಹಾಸನದ_ಹೈದ
ಎರಡು ದಿನದಲ್ಲಿ ಇಷ್ಟೊಂದು ಬರೆದಿದ್ದೀರಿ! ಒಂದು ಸುದ್ದಿ ಇದೆ. ಇವತ್ತು ಭಾನುವಾರ ಮಧ್ಯಾಹ್ನ ಅದೇ ಎರಡು ಟೀಮಿನ ಕೊನೇ ಮ್ಯಾಚು. ಅಪ್ಪನನ್ನು ಮತ್ತೆ ಕರೆದೆ. "ಫೋನ್ ಮನೇಲಿ ಬಿಟ್ಟು ಬಾ" ಅಂದರು. ಟಿಕೆಟ್ ಫೋನಿನಲ್ಲೇ ಇರೋದು ಅಂತ ಅರ್ಥ ಮಾಡಿಸೋಕೆ ಹತ್ತು ನಿಮಿಷ ಆಯಿತು. ಶಿರಸಿಯವರು ಬರೆದದ್ದನ್ನು ರೈಲಿನಲ್ಲಿ ಓದಿ ಹೇಳಿದೆ. ಎರರ್ ಲೆಕ್ಕದ ವಿಷಯ ಬಂದಾಗ ಜೋರಾಗಿ ತಲೆ ಆಡಿಸಿದರು. "ಹೌದು, ಮಿಸ್‌ಫೀಲ್ಡ್ ಬರೆಯೋಕೆ ನಮ್ಮ ಪುಸ್ತಕದಲ್ಲೂ ಜಾಗ ಇರಲಿಲ್ಲ."

ಸೀಟಿನಲ್ಲಿ ಕೂತು ಜೇಬಿನಿಂದ ಒಂದು ಮಡಚಿದ ಹಾಳೆ ತೆಗೆದರು. ಅಮ್ಮನ ಬಿಪಿ ಮಾತ್ರೆ ಪಟ್ಟಿ, ಅದರ ಹಿಂಬದಿ ಖಾಲಿ. ಉದ್ದಕ್ಕೆ ಎರಡು ಗೆರೆ ಎಳೆದರು. ಬಾಲ್ ಬಂದಾಗ ಬಾಲ್ ನೋಡಲಿಲ್ಲ, ಆ ಹುಡುಗನ ಕಾಲು ನೋಡಿದರು. ಬ್ಯಾಟಿಗೆ ತಾಗಿದ ಸದ್ದಿಗೇ ಹೊರಟರೆ ಒಂದು ಗೆರೆ, ತಡವಾಗಿ ಹೊರಟರೆ ಒಂದು ಸೊನ್ನೆ. ನಮ್ಮ ಟೀಮಿನ ಶಾರ್ಟ್‌ಸ್ಟಾಪ್‌ಗೆ ಪಕ್ಕದ ಕಾಲಮ್ಮು.

ಏಳನೇ ಇನ್ನಿಂಗ್ಸಿನಲ್ಲಿ ಎಲ್ಲರೂ ಎದ್ದು ನಿಂತು ಹಾಡುವಾಗ ಅಪ್ಪ ಕೂತೇ ಇದ್ದರು, ಕೂಡಿಸುತ್ತಿದ್ದರು. ಆಮೇಲೆ ಹಾಳೆ ನನ್ನ ಕೈಗೆ ಕೊಟ್ಟರು. "ತಡ ಮಾಡ್ತಾನೆ. ಅದಕ್ಕೇ ಹಾರಬೇಕಾಗುತ್ತೆ. ನಿನ್ನ ಫೋನು ಹೇಳಿದ್ದು ಸರಿ." ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಥ್ರೋ ನೋಡಿದ್ಯಾ? ಆ ಕೈ ಇಟ್ಕೊಂಡು ಅಷ್ಟು ಜಾಗ ಯಾಕೆ ಓಡಬೇಕು? ಅವನನ್ನ ಮೂರನೇ ಬೇಸಿಗೆ ನಿಲ್ಲಿಸಲಿ. ಇದು ಫೋನಿನಲ್ಲಿ ಇದೆಯಾ?"

ಇರಲಿಲ್ಲ.

ಶಿರಸಿ_ಶಾರ್ಟ್‌ಸ್ಟಾಪ್
ಓಟ ಕಡಿಮೆ, ಕೈ ಜೋರು ಅಂದರೆ ಮೂರನೇ ಬೇಸು. ಸ್ಕೌಟುಗಳು ಹೇಳೋದೂ ಅದನ್ನೇ. ಎರಡು ಮ್ಯಾಚು ನೋಡಿ ಹೇಳಿದರಾ? ಆ ಹಾಳೆಯ ಫೋಟೋ ಹಾಕಿ ದಯವಿಟ್ಟು.

ಎಕ್ಸೆಲ್_ಅಕ್ಕ
ಒಂಬತ್ತು ಇನ್ನಿಂಗ್ಸ್ ಸಣ್ಣ ಸ್ಯಾಂಪಲ್ಲು ಅಂತ ಹೇಳೋಕೆ ಬಾಯಿ ಬರುತ್ತಿದೆ. ಹೇಳಲ್ಲ.

ಬಾಸ್ಟನ್_ಬೋರೇಗೌಡ
ಅಪ್ಪನಿಗೆ ಯಾವುದಾದರೂ ಟೀಮಿನಲ್ಲಿ ಕೆಲಸ ಕೊಡಿಸಿ ಸಾರ್. ಯಾಂಕೀಸ್ ಬಿಟ್ಟು.

ಲಿಟಲ್_ಲೀಗ್_ಅಮ್ಮ
ವಿಸಿಟರ್ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ. ಟೆಕ್ಸಾಸಿಗೆ ಕರೆದುಕೊಂಡು ಬನ್ನಿ, ಮಗಳ ಮ್ಯಾಚಿದೆ. ಊಟ ನಮ್ಮನೇಲಿ.

ಕುಡ್ಲದ_ಕಣ್ಣು
ಕೊನೆಗೆ ಗೆದ್ದದ್ದು ಕಣ್ಣೇ.

ಶಿರಸಿ_ಶಾರ್ಟ್‌ಸ್ಟಾಪ್
ಗೆರೆ, ಸೊನ್ನೆ ಹಾಕಿ ಕೂಡಿಸಿದ್ದು ಕಣ್ಣಾ ಸಾರ್?

ಬರೀ_ಓದೋನು
ಈಗಲಾದರೂ ಆ ಶಾರ್ಟ್‌ಸ್ಟಾಪ್ ಹೆಸರು ಹೇಳಿ.

ಹಾಸನದ_ಹೈದ
ಅಪ್ಪ ಬೇಡ ಅಂದಿದ್ದಾರೆ. "ಇನ್ನೂ ಚಿಕ್ಕ ಹುಡುಗ, ಸುಧಾರಿಸ್ತಾನೆ" ಅಂತೆ.